ಮುಂದೆ ಹಿಡಿತ, ಹಿಂದೆ ಓಟ: ಟ್ರೇಲ್ ಬೈಕ್ ಮತ್ತು ಟಯರ್ ಕುರಿತ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮೌಂಟನ್ ಬೈಕ್ ಕುರಿತವು. ಯಾವ ಸೈಕಲ್ ಕೊಳ್ಳಬೇಕೆಂದು ಬಹುತೇಕ ಎಲ್ಲರೂ ಕೇಳಿದ್ದಾರೆ. ಯಾವ ಟಯರ್ ಹಾಕಬೇಕೆಂದು ಕೇಳಿದವರು ಕೆಲವರೇ. ನನ್ನ ಮಟ್ಟಿಗೆ ಈ ಲೆಕ್ಕ ಅದಲುಬದಲಾಗಬೇಕಿತ್ತು. ಒಂದೇ ಬಗೆಯ ಪತ್ರಗಳನ್ನು ಸೇರಿಸಿ, ಸೈಕಲ್ಲಿನ ಪ್ರಶ್ನೆಗಳನ್ನು ಮೊದಲು ಮುಗಿಸಿ, ಟಯರಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಎರಡು ವರ್ಷಗಳಿಂದ ಒಂದು ಸಾಧಾರಣ ಗೇರ್ ಸೈಕಲ್ಲಿನಲ್ಲಿ ಕಾಡುದಾರಿಗಳನ್ನು ಸುತ್ತುತ್ತಿದ್ದೇನೆ. ಒಂದು ಗಂಟೆ ಹತ್ತಿದರೆ ಇಪ್ಪತ್ತು ನಿಮಿಷ ಇಳಿಯುವ ದಾರಿಗಳು. ಬೇರು, ಬಿಡಿಗಲ್ಲು, ಅಲ್ಲಲ್ಲಿ ಮೊಣಕಾಲೆತ್ತರದ ಮೆಟ್ಟಿಲಿನಂಥ ಇಳಿತಗಳಿರುತ್ತವೆ. ಈಗ ಸರಿಯಾದ ಟ್ರೇಲ್ ಬೈಕ್ ಕೊಳ್ಳಬೇಕೆಂದಿದ್ದೇನೆ. 160 ಮಿ.ಮೀ. ಟ್ರಾವೆಲ್ (ಶಾಕ್ ಕುಗ್ಗಿದಾಗ ಚಕ್ರ ಮೇಲಕ್ಕೆ ಸರಿಯುವ ದೂರ) ಇಲ್ಲದ ಸೈಕಲ್ ಕೊಂಡರೆ ಆಮೇಲೆ ಕೈ ಹಿಸುಕಿಕೊಳ್ಳುತ್ತೀರಿ ಎಂದು ಜೊತೆಯ ಸವಾರರು ಹೆದರಿಸುತ್ತಾರೆ. 120 ಧಾರಾಳ ಎಂದು ಅಂಗಡಿಯವರು ಹೇಳುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ನೀವು ಬರೆದ ದಾರಿಯ ವರ್ಣನೆಯಲ್ಲೇ ಉತ್ತರವಿದೆ. ಮೂರು ಪಾಲು ಸಮಯ ಹತ್ತುವುದಕ್ಕೆ, ಒಂದು ಪಾಲು ಇಳಿಯುವುದಕ್ಕೆ ಹೋಗುವ ಸವಾರ ಆ ಒಂದು ಪಾಲಿನಲ್ಲಿ ಎಂದೋ ಒಮ್ಮೆ ಎದುರಾಗುವ ಅತಿ ಕಠಿಣ ತಿರುವಿಗೆಂದು ಸೈಕಲ್ ಆರಿಸಿದರೆ ಉಳಿದ ಸಮಯವೆಲ್ಲ ಅದರ ಭಾರ ಹೊರುತ್ತಾನೆ. ಹಾಗೆಂದು ಅತಿ ಸುಲಭದ ದಾರಿಗೆ ಹೊಂದುವ ಸೈಕಲ್ ಕೊಂಡರೆ ಇಳಿಜಾರಿನಲ್ಲಿ ಕೈಕಾಲು ಬಿಗಿಹಿಡಿದುಕೊಂಡೇ ಇರಬೇಕಾಗುತ್ತದೆ. ನೀವು ತಿಂಗಳಿಗೆ ಎರಡು ಮೂರು ಬಾರಿಯಾದರೂ ಹೋಗುವ ದಾರಿಗಳಲ್ಲಿ ಅತ್ಯಂತ ಒರಟಾದದ್ದು ಯಾವುದೋ ಅದನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ಆಸೆಯಲ್ಲಿರುವ ದಾರಿ ಲೆಕ್ಕಕ್ಕಿಲ್ಲ.

ಹಗುರವಾಗಿ ಓಡುವ ಕ್ರಾಸ್ ಕಂಟ್ರಿ ಸೈಕಲ್ಲುಗಳಿಗೆ ಸಾಮಾನ್ಯವಾಗಿ 100ರಿಂದ 120 ಮಿ.ಮೀ., ಏರು ಇಳಿತ ಎರಡಕ್ಕೂ ಹೊಂದುವ ಟ್ರೇಲ್ ಬೈಕ್‌ಗಳಿಗೆ 120ರಿಂದ 150, ಒರಟು ಇಳಿತದ ಎಂಡ್ಯೂರೊ ಬೈಕ್‌ಗಳಿಗೆ 150ರಿಂದ 180, ಇಳಿಯುವುದಕ್ಕೆಂದೇ ಇರುವ ಡೌನ್‌ಹಿಲ್ ಬೈಕ್‌ಗಳಿಗೆ 200ರ ಆಸುಪಾಸಿನ ಟ್ರಾವೆಲ್ ಇರುತ್ತದೆ. ಗಡಿಗಳು ಗೀಟು ಎಳೆದಷ್ಟು ಸ್ಪಷ್ಟವಾಗಿಲ್ಲ. ಒಂದು ಕಂಪನಿ ಟ್ರೇಲ್ ಎಂದು ಕರೆದದ್ದನ್ನು ಇನ್ನೊಂದು ಕಂಪನಿ ಎಂಡ್ಯೂರೊ ಎಂದು ಮಾರುತ್ತದೆ. ನಿಮ್ಮ ದಾರಿಗೆ ಹಿಂದೆ 130, ಮುಂದೆ 140 ಮಿ.ಮೀ. ಇರುವ ಸೈಕಲ್ ಸಾಕೆಂದು ನಾನು ಧೈರ್ಯವಾಗಿ ಹೇಳುತ್ತೇನೆ. ಅಂದರೆ ಅಂಗಡಿಯವರ ಮಾತು ನಿಜಕ್ಕೆ ಹೆಚ್ಚು ಹತ್ತಿರವಾಗಿದೆ, ಯಾವಾಗಲೂ ಹಾಗಾಗುವುದಿಲ್ಲ.

ಆದರೆ ಟ್ರಾವೆಲ್ ಒಂದನ್ನೇ ನೋಡಿ ತೀರ್ಮಾನಿಸಬೇಡಿ. ಸೈಕಲ್ಲಿನ ಸ್ವಭಾವವನ್ನು ಅದಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಚೌಕಟ್ಟಿನ ಕೋನಗಳು. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್ ನೆಲಕ್ಕೆ ಎಷ್ಟು ವಾಲಿಕೊಂಡಿದೆ ಎಂಬುದನ್ನು ಹೆಡ್ ಆಂಗಲ್ ಹೇಳುತ್ತದೆ. ಅದು 68 ಡಿಗ್ರಿಯಷ್ಟಿದ್ದರೆ ಹ್ಯಾಂಡಲ್ ಚುರುಕಾಗಿ ತಿರುಗುತ್ತದೆ, ಕಡಿದಾದ ಇಳಿಜಾರಿನಲ್ಲಿ ಮಾತ್ರ ಮುಂದಕ್ಕೆ ಮಗುಚುವಂತೆ ಭಾಸವಾಗುತ್ತದೆ. 65ರ ಹತ್ತಿರ ಇದ್ದರೆ ಚಕ್ರ ನಿಮ್ಮಿಂದ ಇನ್ನಷ್ಟು ಮುಂದಕ್ಕೆ ಚಾಚಿಕೊಂಡು ಇಳಿತದಲ್ಲಿ ನೆಮ್ಮದಿ ಕೊಡುತ್ತದೆ, ನಿಧಾನವಾಗಿ ಹತ್ತುವಾಗ ಅತ್ತಿತ್ತ ಅಲೆಯುತ್ತದೆ. ನಿಮಗೆ 65ರಿಂದ 66 ಡಿಗ್ರಿ ಸರಿಹೋಗುತ್ತದೆ. ಸೀಟಿನ ಕಂಬದ ಕೋನ 76 ಡಿಗ್ರಿಯ ಸುತ್ತಮುತ್ತ ಇದ್ದರೆ ಹತ್ತುವಾಗ ಮೈಭಾರ ಪೆಡಲ್‌ಗಳ ಮೇಲೆ ಬರುತ್ತದೆ, ಮುಂದಿನ ಚಕ್ರ ಮೇಲೇಳುವುದಿಲ್ಲ. ಒಂದು ಗಂಟೆ ಹತ್ತುವವರು ಕೊನೆಯ ಈ ಅಂಕಿಯನ್ನು ನಿರ್ಲಕ್ಷಿಸಬಾರದು.

ಗುಂಡಿ ಒತ್ತಿದರೆ ಸೀಟು ಕೆಳಗಿಳಿಯುವ ಡ್ರಾಪರ್ ಪೋಸ್ಟ್ ಇಲ್ಲದ ಟ್ರೇಲ್ ಬೈಕನ್ನು ಕೊಳ್ಳಲೇಬೇಡಿ, ಅಥವಾ ಕೊಂಡ ಕೂಡಲೇ ಹಾಕಿಸಿ. ಗಿಯರ್ ವಿಷಯಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ: ಮುಂದೆ 30 ಅಥವಾ 32 ಹಲ್ಲಿನ ಒಂದೇ ಚಕ್ರ, ಹಿಂದೆ 51 ಅಥವಾ 52 ಹಲ್ಲಿನವರೆಗೆ ಹೋಗುವ ಹನ್ನೆರಡು ಚಕ್ರಗಳ ಕ್ಯಾಸೆಟ್ ಇದ್ದರೆ ಏರಿಗೆ ಸಾಕು.

ಪ್ರಶ್ನೆ: ಹಿಂದೆ ಶಾಕ್ ಇಲ್ಲದ ಒಳ್ಳೆಯ ಹಾರ್ಡ್‌ಟೇಲ್ ಬೇಕೋ, ಅಷ್ಟೇ ಬೆಲೆಯಲ್ಲಿ ಸಿಗುವ ಸಾಧಾರಣ ಬಿಡಿಭಾಗಗಳ ಫುಲ್ ಸಸ್ಪೆನ್ಷನ್ ಬೇಕೋ ತಿಳಿಯುತ್ತಿಲ್ಲ. ಹಾರ್ಡ್‌ಟೇಲ್ ಕಲಿಯುವವರಿಗೆ ಮಾತ್ರ ಎನ್ನುವುದು ನಿಜವೇ?

ಉತ್ತರ: ನಿಜವಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1976ರಲ್ಲಿ ಸುಮಾರು 400 ಮೀಟರ್ ಇಳಿಯುವ ಒಂದು ಮಣ್ಣಿನ ದಾರಿಯಲ್ಲಿ ಕೆಲವು ಗೆಳೆಯರು ಪಂದ್ಯ ಕಟ್ಟಿ ಇಳಿಯತೊಡಗಿದಾಗ ಅವರ ಹಳೆಯ ಭಾರದ ಸೈಕಲ್ಲುಗಳಿಗೆ ಹಿಂದೆಯೂ ಶಾಕ್ ಇರಲಿಲ್ಲ, ಮುಂದೆಯೂ ಇರಲಿಲ್ಲ. ಪೆಡಲನ್ನು ಹಿಮ್ಮುಖವಾಗಿ ಒತ್ತಿ ಹಿಡಿಯುವ ಬ್ರೇಕ್ ಎಷ್ಟು ಕಾಯುತ್ತಿತ್ತೆಂದರೆ ಒಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು; ಕೆಳಗಿಳಿದ ಮೇಲೆ ಚಕ್ರದ ನಡುವಿನ ಹಬ್ ಬಿಚ್ಚಿ ಮತ್ತೆ ಗ್ರೀಸ್ ತುಂಬಬೇಕಾದ್ದರಿಂದ ಆ ದಾರಿಗೆ ರಿಪ್ಯಾಕ್ ಎಂಬ ಹೆಸರೇ ಬಂತು. ಅವರ ಮೂಳೆಗಳಿಗೂ ಕಲ್ಲಿಗೂ ನಡುವೆ ಇದ್ದದ್ದು ದಪ್ಪ ಬಲೂನ್ ಟಯರಿನೊಳಗಿನ ಗಾಳಿ ಮಾತ್ರ. ಹಾರ್ಡ್‌ಟೇಲ್ ಸವಾರರಿಗೆ ಇಂದಿಗೂ ಹಿಂದಿನ ಶಾಕ್ ಎಂದರೆ ಅದೇ ಗಾಳಿ, ಜೊತೆಗೆ ಅವರ ಮೊಣಕಾಲು.

ಇನ್ನು ಆಯ್ಕೆಯ ಮಾತು. ದಾರಿ ಬಹುಪಾಲು ನಯವಾಗಿದ್ದು ಉದ್ದದ ಏರುಗಳಿದ್ದರೆ, ಸೈಕಲ್ಲನ್ನು ತೊಳೆದು ಎಣ್ಣೆ ಹಾಕುವುದರಾಚೆಗೆ ನಿರ್ವಹಣೆಗೆ ಸಮಯವಿಲ್ಲದಿದ್ದರೆ, ಒಳ್ಳೆಯ ಫೋರ್ಕ್ ಮತ್ತು ಒಳ್ಳೆಯ ಬ್ರೇಕ್ ಇರುವ ಹಾರ್ಡ್‌ಟೇಲ್ ತೆಗೆದುಕೊಳ್ಳಿ. ಬೇರು ಮತ್ತು ಕಲ್ಲು ಒಂದರ ಹಿಂದೊಂದು ಬರುವ ದಾರಿಯಾದರೆ, ಅಥವಾ ಸೊಂಟನೋವು ಆಗಲೇ ಪರಿಚಯವಾಗಿದ್ದರೆ, ಫುಲ್ ಸಸ್ಪೆನ್ಷನ್ನೇ ಸರಿ. ಫುಲ್ ಸಸ್ಪೆನ್ಷನ್ ಇರುವುದು ಮೈಸುಖಕ್ಕೆ ಮಾತ್ರ ಎಂದು ಹಲವರು ತಿಳಿದಿದ್ದಾರೆ. ಅದರ ಮುಖ್ಯ ಕೆಲಸ ಹಿಂದಿನ ಚಕ್ರವನ್ನು ನೆಲಕ್ಕೆ ಅಂಟಿಸಿಡುವುದು. ನೆಲ ಬಿಟ್ಟ ಟಯರ್ ಎಷ್ಟೇ ಒಳ್ಳೆಯದಾದರೂ ಬ್ರೇಕಿಗೂ ಉಪಯೋಗವಿಲ್ಲ, ಏರಿಗೂ ಉಪಯೋಗವಿಲ್ಲ. ಆದರೆ ಅದರ ಸಂದುಗಳಲ್ಲಿ ಬೇರಿಂಗ್‌ಗಳಿವೆ, ಶಾಕಿಗೆ ಕಾಲಕಾಲಕ್ಕೆ ಸರ್ವಿಸ್ ಬೇಕು. ಅದಕ್ಕೆ ಮನಸ್ಸಿಲ್ಲದವರು ಕೊಂಡರೆ ಎರಡು ವರ್ಷದಲ್ಲಿ ಕಿರುಗುಟ್ಟುವ ಸೈಕಲ್ ಆಗುತ್ತದೆ.

ಕೊಂಡ ಮೇಲೆ ಶಾಕಿನ ಗಾಳಿಯನ್ನು ನಿಮ್ಮ ತೂಕಕ್ಕೆ ಹೊಂದಿಸುವುದನ್ನು ಮರೆಯಬೇಡಿ. ಶಾಕಿನ ದಂಡದ ಮೇಲೆ ಒಂದು ರಬ್ಬರ್ ಉಂಗುರ ಇರುತ್ತದೆ. ಅದನ್ನು ಸೀಲಿನವರೆಗೆ ಸರಿಸಿ, ಹೆಲ್ಮೆಟ್ ಮತ್ತು ನೀರಿನ ಚೀಲ ಸಹಿತ ಮೆಲ್ಲಗೆ ಹತ್ತಿ ಕುಳಿತು, ಕುಪ್ಪಳಿಸದೆ ಮೆಲ್ಲಗೆ ಇಳಿದು ನೋಡಿ. ಶಾಕಿನ ಒಟ್ಟು ಚಲನೆ 55 ಮಿ.ಮೀ. ಇದ್ದರೆ ಉಂಗುರ 16 ಮಿ.ಮೀ. ಸುಮಾರಿಗೆ ಬಂದು ನಿಂತಿರಬೇಕು, ಅಂದರೆ ಶೇ. 30ರ ಆಸುಪಾಸು. ಮುಂದಿನ ಫೋರ್ಕಿಗೆ ಶೇ. 15ರಿಂದ 20 ಸಾಕು. ಈ ಐದು ನಿಮಿಷದ ಕೆಲಸ ಮಾಡದೆ ಸೈಕಲ್ ಚೆನ್ನಾಗಿಲ್ಲ ಎಂದು ದೂರುವವರ ಪತ್ರಗಳು ನನಗೆ ಆಗಾಗ ಬರುತ್ತವೆ.

ಪ್ರಶ್ನೆ: ನನ್ನ ಎತ್ತರ 157 ಸೆಂ.ಮೀ. ಎಲ್ಲರೂ 29 ಇಂಚಿನ ಚಕ್ರವೇ ಬೇಕೆನ್ನುತ್ತಾರೆ. ಅಷ್ಟು ದೊಡ್ಡ ಚಕ್ರ ನನಗೆ ಆದೀತೇ?

ಉತ್ತರ: ಆಗಬಹುದು, ಆದರೆ ಆಗಲೇಬೇಕೆಂದಿಲ್ಲ. 29 ಇಂಚಿನ ರಿಮ್ಮಿನ ಮೇಲೆ ಟಯರ್ ಕೂರುವ ಜಾಗದ ವ್ಯಾಸ 622 ಮಿ.ಮೀ., 27.5 ಇಂಚಿನದ್ದು 584. ಒಂದೇ ದಪ್ಪದ ಟಯರ್ ಹಾಕಿದರೆ ಎರಡು ಚಕ್ರಗಳ ಎತ್ತರದಲ್ಲಿ 38 ಮಿ.ಮೀ. ವ್ಯತ್ಯಾಸ ಉಳಿಯುತ್ತದೆ. ದೊಡ್ಡ ಚಕ್ರ ಗುಂಡಿಗೆ ಬೀಳದೆ ಅದರ ಮೇಲೆ ಹಾದುಹೋಗುತ್ತದೆ, ಹಿಡಿದ ವೇಗವನ್ನು ಬಿಡುವುದಿಲ್ಲ. ಚಿಕ್ಕದು ಬೇಗ ತಿರುಗುತ್ತದೆ. ನಿಮ್ಮ ಎತ್ತರದವರಿಗೆ ತೊಂದರೆಯಾಗುವುದು ಕಡಿದಾದ ಇಳಿಜಾರಿನಲ್ಲಿ: ಮೈಯನ್ನು ಹಿಂದಕ್ಕೆ ತಗ್ಗಿಸಿದಾಗ ಹಿಂದಿನ ಟಯರ್ ಚಡ್ಡಿಗೆ ತಗುಲುತ್ತದೆ. ಅದು ತಮಾಷೆಯ ಸಂಗತಿಯಲ್ಲ, ಕೆಲವು ಸಲ ಸವಾರರನ್ನು ಎತ್ತಿ ಮುಂದಕ್ಕೆ ಹಾಕುತ್ತದೆ. ಆದ್ದರಿಂದ ಮುಂದೆ 29, ಹಿಂದೆ 27.5 ಇರುವ ಮಿಶ್ರಜೋಡಿಯ ಸೈಕಲ್ಲನ್ನು ಒಮ್ಮೆ ಓಡಿಸಿ ನೋಡಿ. ಸವಾರರು ಇದನ್ನು ಮಲೆಟ್ ಎನ್ನುತ್ತಾರೆ.

ಅಳತೆ ನೋಡುವಾಗ ಚೌಕಟ್ಟಿನ ಮೇಲೆ ಬರೆದ ಸ್ಮಾಲ್, ಮೀಡಿಯಂ ಎಂಬ ಮಾತನ್ನು ನಂಬದೆ ರೀಚ್ ಎಂಬ ಅಂಕಿಯನ್ನು ಹೋಲಿಸಿ. ಪೆಡಲಿನ ಅಚ್ಚಿನಿಂದ ಹ್ಯಾಂಡಲಿನ ಕತ್ತಿನವರೆಗೆ ಇರುವ ಅಡ್ಡ ಅಂತರ ಅದು; ನಿಂತು ಇಳಿಯುವಾಗ ನಿಮಗೆ ಸಿಗುವ ಜಾಗ ಎಷ್ಟೆಂದು ಅದು ತಿಳಿಸುತ್ತದೆ. ಎರಡು ಅಳತೆಗಳ ನಡುವೆ ಸಿಕ್ಕಿಕೊಂಡರೆ, ಬಳುಕುವ ಕಿರಿದಾದ ದಾರಿಗಳಿಗೆ ಚಿಕ್ಕದನ್ನೂ ವೇಗದ ನೇರ ಇಳಿತಗಳಿಗೆ ದೊಡ್ಡದನ್ನೂ ಆರಿಸಿಕೊಳ್ಳಿ.

ಪ್ರಶ್ನೆ: ಒಣನೆಲದ ಮೇಲೆ ಸಣ್ಣ ಬಿಡಿಗಲ್ಲು ಹರಡಿರುವ ತಿರುವುಗಳಲ್ಲಿ ನನ್ನ ಮುಂದಿನ ಚಕ್ರ ಹೇಳದೆ ಕೇಳದೆ ಜಾರುತ್ತದೆ. ಹೋದ ತಿಂಗಳು ಎರಡು ಸಲ ಮೊಣಕೈ ತರಚಿದೆ. ಹಿಂದಿನ ಟಯರ್ ಸವೆದಿತ್ತಾದ್ದರಿಂದ ಹೊಸದಾಗಿ ಒಂದು ಒಳ್ಳೆಯ ದಪ್ಪ ಬಟನ್ (ಮೈಮೇಲಿನ ರಬ್ಬರ್ ಉಬ್ಬು) ಟಯರ್ ತಂದು ಹಿಂದಕ್ಕೆ ಹಾಕಿದೆ. ಪರಿಸ್ಥಿತಿ ಇನ್ನೂ ಕೆಟ್ಟಿತು. ಏಕೆ?

ಉತ್ತರ: ಹಿಂದಿನ ಹಿಡಿತ ಹೆಚ್ಚಾದದ್ದೇ ಕಾರಣವಿರಬಹುದು. ಮೊದಲು ಎರಡೂ ಚಕ್ರಗಳು ಹೆಚ್ಚು ಕಡಿಮೆ ಒಟ್ಟಿಗೆ ಜಾರುತ್ತಿದ್ದವು. ಈಗ ಹಿಂದಿನದು ಕಚ್ಚಿ ಹಿಡಿದು, ಜಾರುವ ಪಾಳಿಯನ್ನು ಮುಂದಿನದಕ್ಕೆ ಬಿಟ್ಟಿದೆ. ಹಿಂದಿನ ಚಕ್ರ ಜಾರಿದರೆ ಸವಾರ ನಗುತ್ತಾ ಸರಿಮಾಡಿಕೊಳ್ಳುತ್ತಾನೆ, ಮುಂದಿನದು ಜಾರಿದರೆ ಅವನಿಗೆ ಅದು ಗೊತ್ತಾಗುವುದು ನೆಲಕ್ಕೆ ಬಿದ್ದ ಮೇಲೆ. ಆದ್ದರಿಂದ ಹೊಸ ಟಯರ್ ಒಂದೇ ಇದ್ದರೆ ಅದು ಮುಂದಕ್ಕೆ ಹೋಗಬೇಕು. ಆ ದಪ್ಪ ಬಟನ್ ಟಯರನ್ನು ಇವತ್ತೇ ಮುಂದಕ್ಕೆ ಹಾಕಿ, ಮುಂದಿನದನ್ನು ಹಿಂದಕ್ಕೆ ತನ್ನಿ. ಹಾಕುವಾಗ ಪಕ್ಕದಲ್ಲಿರುವ ಬಾಣದ ಗುರುತು ಉರುಳುವ ದಿಕ್ಕಿಗೆ ಇರಲಿ.

ಎರಡು ಚಕ್ರಗಳ ಕೆಲಸ ಬೇರೆ ಬೇರೆ. ಸೀಟಿನ ಮೇಲೆ ಕುಳಿತಾಗ ಹೆಚ್ಚಿನ ಭಾರ ಹಿಂದಿನ ಚಕ್ರದ ಮೇಲಿರುವುದರಿಂದ ಟಯರಿನ ಉರುಳುವಿಕೆಗೆ ತಗಲುವ ಶ್ರಮವೂ ಹೆಚ್ಚಾಗಿ ಅಲ್ಲೇ ಖರ್ಚಾಗುತ್ತದೆ. ಹೀಗಾಗಿ ಹಿಂದೆ ಹಗುರವಾಗಿ ಓಡುವ ಟಯರ್ ಹಾಕಿದರೆ ಏರಿನಲ್ಲಿ ಉಳಿತಾಯವಾಗುತ್ತದೆ. ಮುಂದೆ ಭಾರದ, ಮೆತ್ತನೆಯ, ಕಚ್ಚುವ ಟಯರ್ ಹಾಕಿದರೂ ಕಾಲಿಗೆ ಅಷ್ಟಾಗಿ ತಿಳಿಯುವುದಿಲ್ಲ. ನನ್ನ ಪರಿಚಯದ ಹಳೆಯ ಮೆಕ್ಯಾನಿಕ್ ಒಬ್ಬರು ಇದನ್ನೇ ‘ಮುಂದೆ ಹಿಡಿತ, ಹಿಂದೆ ಓಟ’ ಎಂದು ಎರಡು ಮಾತಿನಲ್ಲಿ ಮುಗಿಸುತ್ತಾರೆ.

ಈಗ ನಿಮ್ಮ ಹಳೆಯ ಮುಂದಿನ ಟಯರನ್ನು ಬೆಳಕಿಗೆ ಹಿಡಿದು ನೋಡಿ. ನಡುವೆ ಒಂದು ಸಾಲು ಬಟನ್, ಅಂಚಿನಲ್ಲಿ ಒಂದು ಸಾಲು ಬಟನ್, ಇವೆರಡರ ಮಧ್ಯೆ ಖಾಲಿ ಕಾಲುವೆ ಕಾಣುತ್ತದೆಯೇ? ಅಂಥ ಟಯರುಗಳು ಸೈಕಲ್ಲನ್ನು ಪೂರ್ತಿ ವಾಲಿಸಿದಾಗ ಅಂಚಿನ ಬಟನ್‌ಗಳ ಮೇಲೆ ಅದ್ಭುತವಾಗಿ ನಿಲ್ಲುತ್ತವೆ, ನೆಟ್ಟಗಿದ್ದಾಗ ನಡುವಿನವುಗಳ ಮೇಲೆ ನಿಲ್ಲುತ್ತವೆ, ಅರ್ಧ ವಾಲಿಸಿದವರನ್ನು ಕಾಲುವೆಯಲ್ಲಿ ಕೈಬಿಡುತ್ತವೆ. ಮ್ಯಾಕ್ಸಿಸ್ ಕಂಪನಿಯ ಮಿನಿಯನ್ ಡಿಎಚ್ಎಫ್ ಈ ಬಗೆಯದು. ಧೈರ್ಯವಾಗಿ ವಾಲುವವರು ಅದನ್ನು ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ, ಹಿಂಜರಿಯುತ್ತಾ ವಾಲುವವರು ಅದನ್ನು ಬೈಯುತ್ತಾರೆ. ಅದೇ ಕಂಪನಿಯ ಅಸೆಗೈ ಟಯರಿನಲ್ಲಿ ಕಾಲುವೆಯ ಜಾಗದಲ್ಲೂ ಬಟನ್‌ಗಳಿರುವುದರಿಂದ ವಾಲುವಿಕೆ ಎಷ್ಟಿದ್ದರೂ ಹಿಡಿತ ಒಂದೇ ಸಮ ಇರುತ್ತದೆ. ಪ್ರತಿಯಾಗಿ ಅದು ನಿಧಾನವಾಗಿ ಉರುಳುತ್ತದೆ. ದಕ್ಷಿಣ ಆಫ್ರಿಕಾದ ಡೌನ್‌ಹಿಲ್ ಚಾಂಪಿಯನ್ ಗ್ರೆಗ್ ಮಿನ್ನಾರ್ ಜೊತೆ ಸೇರಿ ರೂಪಿಸಿದ ಟಯರ್ ಅದು, ಹೆಸರು ಅಲ್ಲಿನ ಈಟಿಯದು.

ನೀವು ಹಿಂಜರಿಯುತ್ತಾ ವಾಲುವವರೆಂದು ಪತ್ರದ ಧಾಟಿಯಿಂದ ಊಹಿಸಿದ್ದೇನೆ, ಎರಡು ಸಲ ಬಿದ್ದ ಮೇಲೆ ಯಾರಾದರೂ ಹಿಂಜರಿಯುತ್ತಾರೆ. ಅಂಚಿನ ಬಟನ್‌ಗಳ ಬುಡವನ್ನು ಉಗುರಿನಿಂದ ಬಗ್ಗಿಸಿಯೂ ನೋಡಿ. ಬುಡದಲ್ಲಿ ಬಿರುಕು ಬಿಟ್ಟಿದ್ದರೆ ಬಟನ್ ಎತ್ತರವಾಗಿ ಕಂಡರೂ ತಿರುವಿನಲ್ಲಿ ಮಡಚಿಕೊಳ್ಳುತ್ತದೆ. ಟಯರ್ ಸವೆದಿಲ್ಲ ಎಂದು ಹೇಳುವ ಎಷ್ಟೋ ಜನ ನಡುವಿನ ಸಾಲನ್ನು ಮಾತ್ರ ನೋಡಿರುತ್ತಾರೆ.

ಪ್ರಶ್ನೆ: ಟಯರಿನ ಪಕ್ಕದಲ್ಲಿ 29x2.40, 61-622, 60 ಟಿಪಿಐ, ಟಿಆರ್, 3ಸಿ ಎಂದೆಲ್ಲ ಅಚ್ಚಾಗಿರುತ್ತದೆ. ಒಂದೇ ಹೆಸರಿನ ಟಯರ್ ಐದಾರು ಬಗೆಯಲ್ಲಿ ಸಿಗುತ್ತದೆ. ಯಾವುದನ್ನು ನೋಡಿ ಕೊಳ್ಳಬೇಕು?

ಉತ್ತರ: ಹೆಸರು ಹೇಳುವುದು ಬಟನ್‌ಗಳ ವಿನ್ಯಾಸವನ್ನು ಮಾತ್ರ. ಒಂದೇ ವಿನ್ಯಾಸದಲ್ಲಿ ರಬ್ಬರ್ ಬೇರೆ, ಒಳಗಿನ ಬಟ್ಟೆ ಬೇರೆ ಆದರೆ ಸವಾರಿಯ ಅನುಭವವೂ ಬೇರೆಯೇ ಆಗುತ್ತದೆ. ಗೆಳೆಯರ ಟಯರ್ ಚೆನ್ನಾಗಿದೆಯೆಂದು ಅದೇ ಹೆಸರಿನದನ್ನು ತಂದು ನಿರಾಶರಾಗುವವರು ಈ ಸಣ್ಣ ಅಕ್ಷರಗಳನ್ನು ಓದಿರುವುದಿಲ್ಲ.

61-622 ಎಂದರೆ ಟಯರಿನ ಅಗಲ 61 ಮಿ.ಮೀ., ಅದು ಕೂರುವ ರಿಮ್ಮಿನ ವ್ಯಾಸ 622 ಮಿ.ಮೀ.; 2.4 ಇಂಚನ್ನೇ ಮಿಲಿಮೀಟರಿನಲ್ಲಿ ಹೇಳಿದ್ದಾರೆ. ಟ್ರೇಲ್ ಸವಾರಿಗೆ 2.3ರಿಂದ 2.5 ಇಂಚು ವಾಡಿಕೆಯ ಅಗಲ. ರಿಮ್ಮಿನ ಒಳ ಅಗಲ 30 ಮಿ.ಮೀ. ಇದ್ದರೆ ಈ ಅಗಲದ ಟಯರ್ ಚೌಕವಾಗಿ ಕೂರುತ್ತದೆ. ಹಳೆಯ 21 ಮಿ.ಮೀ. ರಿಮ್ಮಿಗೆ 2.5ರ ಟಯರ್ ಹಾಕಿದರೆ ಬಲ್ಬಿನಂತೆ ಉಬ್ಬಿ ತಿರುವಿನಲ್ಲಿ ಹೊರಳಾಡುತ್ತದೆ. ಟಿಆರ್ ಎಂಬುದು ಟ್ಯೂಬ್‌ಲೆಸ್ ಹಾಕಬಹುದೆಂಬ ಗುರುತು.

ರಬ್ಬರಿನ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಮೆತ್ತನೆಯ ರಬ್ಬರ್ ಕಲ್ಲಿನ ಮೈಗೆ ಅಂಟಿ ಕೂತು, ತುಳಿತ ಬಿಟ್ಟ ಮೇಲೆ ಮೆಲ್ಲಗೆ ಮೊದಲಿನ ಆಕಾರಕ್ಕೆ ಬರುತ್ತದೆ. ಹಾಗೆ ಮೆಲ್ಲಗೆ ಮರಳುವುದೇ ಹಿಡಿತದ ಗುಟ್ಟು, ಅದೇ ನಿಧಾನಕ್ಕೂ ಕಾರಣ: ನೀವು ತುಳಿದ ಶಕ್ತಿಯಲ್ಲಿ ಒಂದು ಪಾಲು ರಬ್ಬರಿನೊಳಗೆ ಬಿಸಿಯಾಗಿ ಹೋಗುತ್ತದೆ. ಗಟ್ಟಿ ರಬ್ಬರ್ ಪುಟಿದು ನಿಲ್ಲುತ್ತದೆ, ಓಡುತ್ತದೆ, ಹೆಚ್ಚು ದಿನ ಬಾಳುತ್ತದೆ, ಒದ್ದೆ ಬೇರಿನ ಮೇಲೆ ಮಾತ್ರ ಕೈಕೊಡುತ್ತದೆ. ಮ್ಯಾಕ್ಸಿಸ್‌ನವರು ಗಟ್ಟಿಯಿಂದ ಮೆತ್ತಗೆ ಮ್ಯಾಕ್ಸ್‌ಸ್ಪೀಡ್, ಮ್ಯಾಕ್ಸ್‌ಟೆರಾ, ಮ್ಯಾಕ್ಸ್‌ಗ್ರಿಪ್ ಎಂದು ಹೆಸರಿಟ್ಟಿದ್ದಾರೆ; ಒಂದೇ ಟಯರಿನಲ್ಲಿ ಮೂರು ಬಗೆಯ ರಬ್ಬರ್ ಬಳಸಿರುವುದಕ್ಕೆ 3ಸಿ ಎನ್ನುತ್ತಾರೆ. ಶ್ವಾಲ್ಬೆ ಕಂಪನಿಯವರಲ್ಲಿ ಸ್ಪೀಡ್, ಸ್ಪೀಡ್‌ಗ್ರಿಪ್, ಸಾಫ್ಟ್, ಅಲ್ಟ್ರಾ ಸಾಫ್ಟ್ ಎಂಬ ಶ್ರೇಣಿ ಇದೆ. ನಿಮ್ಮದು ಸಾಮಾನ್ಯ ಟ್ರೇಲ್ ಸವಾರಿಯಾದರೆ ಎರಡೂ ಕಡೆ ನಡುವಿನ ದರ್ಜೆಯದನ್ನು ಹಾಕಿ ಶುರುಮಾಡಿ; ಮುಂದಿನದು ಸವೆದಾಗ ಒಂದು ದರ್ಜೆ ಮೆತ್ತನೆಯದಕ್ಕೆ ಹೋಗಿ. ಅತಿ ಮೆತ್ತನೆಯದನ್ನು ಹಿಂದಕ್ಕೆ ಹಾಕುವುದು ಉದ್ದ ಏರಿನ ಸವಾರರಿಗೆ ಶಿಕ್ಷೆ.

ಟಿಪಿಐ ಎಂದರೆ ಒಂದು ಇಂಚಿನಲ್ಲಿರುವ ನೂಲುಗಳ ಸಂಖ್ಯೆ. ಸೀರೆಯ ನೇಯ್ಗೆಯಂತೆಯೇ: ಎಳೆ ನವುರಾದಷ್ಟೂ ಸಂಖ್ಯೆ ಹೆಚ್ಚು, ಬಟ್ಟೆ ಮೃದು. 120 ಟಿಪಿಐ ಟಯರ್ ನೆಲಕ್ಕೆ ಹೊಂದಿಕೊಂಡು ಉರುಳುತ್ತದೆ, 60 ಟಿಪಿಐ ಒರಟಾಗಿ ತಡೆದುಕೊಳ್ಳುತ್ತದೆ. ಆದರೆ ಪದರ ಎಷ್ಟು, ಪಕ್ಕಕ್ಕೆ ಕಾವಲು ಪಟ್ಟಿ ಇದೆಯೇ ಎಂಬುದು ಇದಕ್ಕಿಂತ ಮುಖ್ಯ. ಮ್ಯಾಕ್ಸಿಸ್‌ನಲ್ಲಿ ಎಕ್ಸೊ, ಎಕ್ಸೊ ಪ್ಲಸ್, ಡಬಲ್‌ಡೌನ್, ಡಿಎಚ್ ಎಂದು ತೆಳುವಿನಿಂದ ದಪ್ಪಕ್ಕೆ ಏರುತ್ತದೆ. 29 ಇಂಚಿನ ತೆಳು ಕ್ರಾಸ್ ಕಂಟ್ರಿ ಟಯರ್ 700 ಗ್ರಾಂ ಆಸುಪಾಸಿನಲ್ಲಿದ್ದರೆ, ಸಾಮಾನ್ಯ ಟ್ರೇಲ್ ಟಯರ್ 900ರಿಂದ 1000 ಗ್ರಾಂ, ದಪ್ಪ ಎಂಡ್ಯೂರೊ ಟಯರ್ 1200 ಗ್ರಾಂ ಸುಮಾರಿಗೆ ತೂಗುತ್ತದೆ. ಈ ತೂಕ ಚಕ್ರದ ಅಂಚಿನಲ್ಲಿ ತಿರುಗುವಂಥದ್ದು. ಪ್ರತಿ ಸಲ ವೇಗ ಹಿಡಿಯುವಾಗ ಕಾಲಿಗೆ ಲೆಕ್ಕ ಒಪ್ಪಿಸಬೇಕು. ಚೂಪುಗಲ್ಲಿನ ದಾರಿಯವರು ಹಿಂದಕ್ಕೆ ಒಂದು ಹಂತ ದಪ್ಪನೆಯದನ್ನು, ಮುಂದಕ್ಕೆ ತೆಳುವಾದದ್ದನ್ನು ಹಾಕಿಕೊಳ್ಳಬಹುದು, ಏಕೆಂದರೆ ಕಲ್ಲಿಗೆ ಬಡಿಯುವುದು ಹೆಚ್ಚಾಗಿ ಹಿಂದಿನ ಚಕ್ರವೇ.

ಪ್ರಶ್ನೆ: ನನ್ನ ತೂಕ 82 ಕಿಲೊ. ಟಯರಿನ ಮೇಲೆ ಗರಿಷ್ಠ 50 ಪಿಎಸ್ಐ ಎಂದಿದೆ. 40 ಹೊಡೆದರೆ ಸೈಕಲ್ ಕಲ್ಲಿನ ಮೇಲೆ ಚೆಂಡಿನಂತೆ ಪುಟಿಯುತ್ತದೆ, 25 ಹೊಡೆದರೆ ಟ್ಯೂಬ್ ಪಂಕ್ಚರ್ ಆಗುತ್ತದೆ, ಅದೂ ಹಾವು ಕಚ್ಚಿದಂತೆ ಪಕ್ಕಪಕ್ಕದಲ್ಲಿ ಎರಡು ತೂತು. ಸರಿಯಾದ ಗಾಳಿ ಎಷ್ಟು?

ಉತ್ತರ: ಟಯರಿನ ಮೇಲಿರುವುದು ಮೀರಬಾರದ ಮಿತಿ, ಅಷ್ಟು ಹೊಡೆಯಿರಿ ಎಂಬ ಸಲಹೆಯಲ್ಲ. ಎರಡು ತೂತು ಬೀಳುವುದಕ್ಕೆ ಕಾರಣ ಮುಳ್ಳಲ್ಲ. ಕಲ್ಲಿಗೂ ರಿಮ್ಮಿನ ಎರಡು ಅಂಚುಗಳಿಗೂ ನಡುವೆ ಟ್ಯೂಬ್ ಸಿಕ್ಕಿ ಜಜ್ಜಿಹೋಗಿರುತ್ತದೆ. ನಿಮ್ಮ ಸಮಸ್ಯೆಗೆ ಗಾಳಿ ಹೆಚ್ಚಿಸುವುದು ಮದ್ದಲ್ಲ, ಟ್ಯೂಬನ್ನೇ ತೆಗೆದುಹಾಕುವುದು ಮದ್ದು.

ಟ್ಯೂಬ್‌ಲೆಸ್ ಮಾಡಿಸಿ, 2.4 ಇಂಚಿನ ಟಯರಿಗೆ ಮುಂದೆ 23, ಹಿಂದೆ 26 ಪಿಎಸ್ಐನಿಂದ ಆರಂಭಿಸಿ. ಟ್ಯೂಬ್ ಇಟ್ಟುಕೊಂಡೇ ಓಡಿಸುವುದಾದರೆ ಎರಡಕ್ಕೂ ನಾಲ್ಕೈದು ಪಿಎಸ್ಐ ಸೇರಿಸಿ. ಆಮೇಲೆ ಒಂದೇ ದಾರಿಯ ಒಂದೇ ತುಣುಕನ್ನು ಮತ್ತೆ ಮತ್ತೆ ಇಳಿಯುತ್ತಾ ಒಂದೊಂದೇ ಪಿಎಸ್ಐ ಇಳಿಸಿ ನೋಡಿ. ರಿಮ್ಮು ಕಲ್ಲಿಗೆ ತಗುಲಿದ ಟಣ್ ಎಂಬ ಸದ್ದು ಕೇಳಿದರೆ, ಅಥವಾ ತಿರುವಿನಲ್ಲಿ ಟಯರ್ ಕಾಲಡಿಯ ಕೆಸರಿನಂತೆ ಪಕ್ಕಕ್ಕೆ ಸರಿದ ಭಾವನೆ ಬಂದರೆ ಎರಡು ಪಿಎಸ್ಐ ಏರಿಸಿ ಅಲ್ಲಿಗೆ ನಿಲ್ಲಿಸಿ. ಇಷ್ಟು ಕೆಳಗಿನ ಒತ್ತಡವನ್ನು ಪಂಪಿನ ಮುಳ್ಳು ಸರಿಯಾಗಿ ತೋರಿಸುವುದು ಕಡಿಮೆ. ಪ್ರತ್ಯೇಕವಾದ ಡಿಜಿಟಲ್ ಗೇಜ್ ಇಟ್ಟುಕೊಳ್ಳಿ. ಬೆರಳಿನಿಂದ ಒತ್ತಿ ಸರಿಯಿದೆ ಎನ್ನುವವರಲ್ಲಿ ನಾನೂ ಒಬ್ಬನಾಗಿದ್ದೆ. ಒಂದು ಬೆಳಿಗ್ಗೆ ಹಾಗೆಯೇ ಹೊರಟು, ಇಳಿಜಾರಿನ ಮೊದಲ ಚೌಕಗಲ್ಲಿಗೆ ಹಿಂದಿನ ರಿಮ್ಮನ್ನು ಬಡಿದು, ಹೆಬ್ಬೆರಳು ಕೂರುವಷ್ಟು ತಗ್ಗು ಮಾಡಿಕೊಂಡು ಸೈಕಲ್ ತಳ್ಳಿಕೊಂಡು ಬಂದೆ. ಮನೆಗೆ ಬಂದು ಮುಂದಿನ ಚಕ್ರಕ್ಕೆ ಗೇಜ್ ಇಟ್ಟರೆ 15 ತೋರಿಸಿತು.

ಟ್ಯೂಬ್‌ಲೆಸ್ ಕೂರಿಸುವಾಗ ಟಯರಿನ ಅಂಚಿಗೆ ಸಾಬೂನು ನೀರು ಸವರಿ, ವಾಲ್ವಿನ ಒಳಗಿನ ಸೂಜಿಯನ್ನು ಬಿಚ್ಚಿ, ಒಮ್ಮೆಗೇ ರಭಸವಾಗಿ ಗಾಳಿ ಬಿಡಬೇಕು. ಪಟ್ ಪಟ್ ಎಂದು ಎರಡೂ ಪಕ್ಕ ಕೂತ ಸದ್ದು ಕೇಳಿದ ಮೇಲೆ ಗಾಳಿ ತೆಗೆದು, ವಾಲ್ವಿನ ಮೂಲಕ 100 ಮಿ.ಲೀ.ನಷ್ಟು ಸೀಲೆಂಟ್ ಹುಯ್ದು, ಸೂಜಿ ತಿರುಗಿಸಿ ಮತ್ತೆ ಗಾಳಿ ತುಂಬಿ. ಈ ದ್ರವ ಮುಳ್ಳಿನ ತೂತನ್ನು ತಾನಾಗಿ ಮುಚ್ಚುತ್ತದೆ, ಆದರೆ ಕೆಲವು ತಿಂಗಳಲ್ಲಿ ಒಳಗೇ ಒಣಗುತ್ತದೆ. ಚಕ್ರವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ; ಗುಳುಗುಳು ಸದ್ದಿಲ್ಲದಿದ್ದರೆ ಮತ್ತೆ ಹಾಕುವ ಹೊತ್ತಾಗಿದೆ. ದೊಡ್ಡ ಸೀಳಿಗೆ ರಬ್ಬರ್ ಬತ್ತಿ ತುರುಕಬೇಕಾಗುತ್ತದೆ. ಚೀಲದಲ್ಲಿ ಒಂದು ಟ್ಯೂಬ್ ಆಗಲೂ ಇರಲಿ.

ಪ್ರಶ್ನೆ: ಮಳೆಗಾಲದಲ್ಲಿ ಟಯರಿನ ತುಂಬ ಜೇಡಿಮಣ್ಣು ಮೆತ್ತಿಕೊಳ್ಳುತ್ತದೆ. ಇನ್ನಷ್ಟು ಅಗಲದ ಟಯರ್ ಹಾಕಲೇ?

ಉತ್ತರ: ಬೇಡ, ಅದು ಉಲ್ಟಾ ಕೆಲಸ. ಕೆಸರಿನಲ್ಲಿ ಟಯರ್ ತೇಲಬಾರದು, ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲವನ್ನು ಮುಟ್ಟಬೇಕು. ಎತ್ತರದ, ದೂರದೂರ ಇರುವ ಬಟನ್‌ಗಳ ಟಯರ್ ಹುಡುಕಿ. ಬಟನ್‌ಗಳ ನಡುವೆ ಜಾಗವಿದ್ದರೆ ಚಕ್ರ ತಿರುಗುವಾಗ ಮಣ್ಣು ಸಿಡಿದು ಹೋಗುತ್ತದೆ. ಶ್ವಾಲ್ಬೆಯ ಮ್ಯಾಜಿಕ್ ಮೇರಿ, ಕಾಂಟಿನೆಂಟಲ್‌ನ ಆರ್ಗೋಟಲ್ ಮೆತ್ತನೆಯ ನೆಲಕ್ಕೆ ಹೇಳಿ ಮಾಡಿಸಿದವು. ಅಂಥ ಟಯರನ್ನು ಬಿರುಬೇಸಿಗೆಯ ಗಟ್ಟಿ ನೆಲದಲ್ಲಿ ಓಡಿಸಬೇಡಿ, ಎತ್ತರದ ಬಟನ್‌ಗಳು ಬಾಗಿ ಸೈಕಲ್ ಕಂಬಳಿಯ ಮೇಲೆ ಓಡಿದಂತೆ ಅನಿಸುತ್ತದೆ. ಬಂಡೆ ಮತ್ತು ಬೇರು ಒದ್ದೆಯಾಗಿರುವ ದಾರಿಯಲ್ಲಿ ಮಾತ್ರ ಬಟನ್ನಿನ ಎತ್ತರಕ್ಕಿಂತ ರಬ್ಬರಿನ ಮೆತ್ತನೆಯ ಗುಣ ನಿಮ್ಮನ್ನು ಕಾಪಾಡುತ್ತದೆ. ಹಿಂದಿನ ಟಯರಿಗೂ ಚೌಕಟ್ಟಿಗೂ ನಡುವೆ ಬೆರಳು ತೂರುವಷ್ಟಾದರೂ ಜಾಗವಿದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಮೆತ್ತಿದ ಮಣ್ಣು ಬಣ್ಣವನ್ನೂ ಚೌಕಟ್ಟನ್ನೂ ಉಜ್ಜಿ ತೆಗೆಯುತ್ತದೆ.

ಪ್ರಶ್ನೆ: ವರ್ಷಕ್ಕೆ ಮೂರು ನಾಲ್ಕು ದೀರ್ಘದೂರದ ಪಂದ್ಯಗಳಲ್ಲಿ ಭಾಗವಹಿಸುತ್ತೇನೆ. ಉಳಿದ ದಿನ ಗೆಳೆಯರ ಜೊತೆ ಒರಟು ಇಳಿಜಾರುಗಳಿಗೆ ಹೋಗುತ್ತೇನೆ. ಎರಡು ಸೈಕಲ್ ಇಡುವ ಅನುಕೂಲವಿಲ್ಲ. ಒಂದೇ ಸೈಕಲ್ಲಿನಲ್ಲಿ ಎರಡೂ ಸಾಧ್ಯವೇ?

ಉತ್ತರ: 130 ಮಿ.ಮೀ. ಆಸುಪಾಸಿನ ಟ್ರೇಲ್ ಬೈಕ್ ಒಂದು, ಚಕ್ರಗಳ ಜೋಡಿ ಎರಡು. ನಾನಾದರೆ ಹೀಗೆ ಮಾಡುತ್ತಿದ್ದೆ. ಪಂದ್ಯದ ಜೋಡಿಗೆ ಮುಂದೆ ಮ್ಯಾಕ್ಸಿಸ್‌ನ ಫೋರ್‌ಕ್ಯಾಸ್ಟರ್, ಹಿಂದೆ ರೆಕಾನ್ ಮಾದರಿಯ ಕುಳ್ಳ ಬಟನ್‌ಗಳ ತೆಳು ಟಯರ್. ಇಳಿಜಾರಿನ ಜೋಡಿಗೆ ಮುಂದೆ ಅಸೆಗೈ, ಹಿಂದೆ ಮಿನಿಯನ್ ಡಿಎಚ್ಆರ್ ಮಾದರಿಯ, ಬ್ರೇಕ್ ಹಿಡಿದಾಗ ನೆಲ ಅಗೆಯುವ ಟಯರ್. ಎರಡು ಜೋಡಿಗಳ ನಡುವೆ ಒಂದು ಕಿಲೊ ತೂಕದವರೆಗೂ ವ್ಯತ್ಯಾಸ ಬರಬಹುದು. ಸೈಕಲ್ ಬೇರೆಯದೇ ಆಯಿತೇನೋ ಎನ್ನಿಸುವಷ್ಟು ಬದಲಾವಣೆ ಕಾಲಿಗೆ ತಿಳಿಯುತ್ತದೆ, 20 ಮಿ.ಮೀ. ಹೆಚ್ಚಿನ ಟ್ರಾವೆಲ್‌ನಿಂದ ಅಷ್ಟು ಬದಲಾವಣೆಯನ್ನು ನಾನು ಕಂಡಿಲ್ಲ.

ಚಕ್ರದ ಜೋಡಿ ಕೊಳ್ಳುವಾಗ ಹಬ್‌ಗಳ ಅಳತೆ ಒಂದೇ ಇರಲಿ. ಈಗಿನ ಬಹುತೇಕ ಟ್ರೇಲ್ ಬೈಕ್‌ಗಳಲ್ಲಿ ಮುಂದೆ 110x15, ಹಿಂದೆ 148x12 ಮಿ.ಮೀ. ಅಚ್ಚು ಇರುತ್ತದೆ. ಕ್ಯಾಸೆಟ್ ಒಂದೇ ಕಂಪನಿಯದಾಗಿದ್ದು, ಎರಡೂ ಸವೆತದಲ್ಲಿ ಸಮನಾಗಿರಬೇಕು. ಸವೆದ ಹಳೆಯ ಸರಪಳಿ ಹೊಸ ಕ್ಯಾಸೆಟ್ಟಿನ ಹಲ್ಲುಗಳಿಗೆ ಸರಿಯಾಗಿ ಕೂರುವುದಿಲ್ಲ. ಡಿಸ್ಕ್‌ಗಳ ವ್ಯಾಸವೂ ಒಂದೇ ಇರಲಿ, ಮುಂದೆ 180 ಇದ್ದರೆ ಎರಡು ಜೋಡಿಗೂ 180. ಡಿಸ್ಕ್ ಕೂರುವ ಜಾಗದಲ್ಲಿ ಹಬ್‌ನಿಂದ ಹಬ್‌ಗೆ ಕೂದಲೆಳೆಯಷ್ಟು ಅಂತರ ಇದ್ದೇ ಇರುತ್ತದೆ. ಆಗ ಬ್ರೇಕ್ ಸಿರ್ ಎಂದು ಉಜ್ಜುತ್ತದೆ. ಎರಡು ಜೋಡಿಗಳಲ್ಲಿ ಹೆಚ್ಚು ಒಳಕ್ಕೆ ಕೂತಿರುವ ಡಿಸ್ಕಿನ ಕೆಳಗೆ 0.2 ಮಿ.ಮೀ.ನ ತೆಳು ವಾಷರ್‌ಗಳನ್ನು ಇಟ್ಟು ಎರಡನ್ನೂ ಒಂದೇ ಸಾಲಿಗೆ ತಂದರೆ ಪಂದ್ಯದ ಬೆಳಿಗ್ಗೆ ಡಿಸ್ಕನ್ನು ಹಿಡಿಯುವ ಬ್ರೇಕಿನ ಕ್ಯಾಲಿಪರ್ ಸಡಿಲಿಸುತ್ತಾ ಕೂರುವ ಕೆಲಸ ತಪ್ಪುತ್ತದೆ.